ಒಲೆಗಿಂತ ಹೊರಗೇ ಬಿಸಿ!



1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣ ಆಯಿತು. ಹುಬ್ಬಳ್ಳಿ, ರಾಯಚೂರು ಕಡೆ ಹಗಲಲ್ಲೇ ಕತ್ತಲಾಯಿತು. ನಮ್ಮ ಅವ್ವ ಆಗ ಸಣ್ಣ ಹುಡುಗಿ. ಬಾಗಿಲು ಹಾಕಿ ಅವಳನ್ನು ಒಳಗೆ ಕೂಡಿಸಿದ್ದರು. "ಹೊರಗೆ ಏನಿತ್ತೋ, ನಾ ನೋಡಲೇ ಇಲ್ಲ" ಅಂತ ಈಗಲೂ ಹೇಳ್ತಾಳೆ.

ಹೊರಗೆ ಏನಿತ್ತು?

ಕಪ್ಪಾದ ಸೂರ್ಯನ ಸುತ್ತ ಬೆಳ್ಳಿಯಂಥ ಬೆಳಕು ಇತ್ತು. ಅದು ಸೂರ್ಯನ ಹೊರಗಿನ ಗಾಳಿ. ಅದರ ಹೆಸರು ಕರೋನಾ. ಹೆದರಬೇಡಿ, ಇದು ರೋಗವಲ್ಲ! ಕರೋನಾ ಎಂದರೆ ಕಿರೀಟ.

ಒಲೆಯ ಹತ್ತಿರ ಬಿಸಿ. ದೂರ ಸರಿದರೆ ತಂಪು. ಅಲ್ವಾ? ಸೂರ್ಯನಲ್ಲಿ ಹಾಗಲ್ಲ. ಸೂರ್ಯನ ಮೈ ಸುಮಾರು 5,500 ಡಿಗ್ರಿ. ಹೊರಗಿನ ಗಾಳಿ 10 ಲಕ್ಷ ಡಿಗ್ರಿಗೂ ಹೆಚ್ಚು!

ಇದು ಹೇಗೆ?

ಸೂರ್ಯನ ಮೈ ಅನ್ನದ ಎಸರಿನಂತೆ ಕುದಿಯುತ್ತದೆ. ಅಲ್ಲಿಂದ ಅಯಸ್ಕಾಂತದ ಬಲ ಹೊರಗೆ ಚಾಚಿದೆ. ಅದನ್ನು ಕಾಣದ ಎಳೆಗಳು ಅಂದುಕೊಳ್ಳಿ. ಕುದಿತಕ್ಕೆ ಎಳೆಗಳು ಹುರಿಗೊಳ್ಳುತ್ತವೆ. ಹಗ್ಗ ಹೊಸೆದು ಕೈಬಿಟ್ಟರೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಹಾಗೆಯೇ ಈ ಎಳೆಗಳೂ ಬಿಗಿಯಾಗಿ ತುಂಡಾಗುತ್ತವೆ. ಬೇರೆ ಕಡೆ ಕೂಡುತ್ತವೆ. ಕೂಡಿಟ್ಟ ಶಕ್ತಿ ಒಮ್ಮೆಲೇ ಹೊರಬರುತ್ತದೆ. ಇದೇ ಸೌರಜ್ವಾಲೆ. ಆ ಶಕ್ತಿ ಕೆಳಗಿನ ಅನಿಲಕ್ಕೆ ಬಡಿಯುತ್ತದೆ. ಅನಿಲ ಕಾದು ಮೇಲೇರುತ್ತದೆ. ಕರೋನಾವನ್ನು ತುಂಬುತ್ತದೆ.

ದೊಡ್ಡ ಜ್ವಾಲೆ ಆಗೊಮ್ಮೆ ಈಗೊಮ್ಮೆ. ಹಾಗಾದರೆ ಗಾಳಿ ಸದಾ ಬಿಸಿ ಏಕೆ? ಸಣ್ಣ ಸಣ್ಣ ಜ್ವಾಲೆಗಳು ಸದಾ ಸಿಡಿಯುತ್ತಿರಬೇಕು ಎಂದು ಪಾರ್ಕರ್ ಎಂಬ ವಿಜ್ಞಾನಿ 1988ರಲ್ಲಿ ಹೇಳಿದರು. ಎಳೆಗಳ ಮೇಲೆ ಓಡುವ ಅಲೆಗಳೂ ಬಿಸಿ ತರುತ್ತವೆ ಎನ್ನುತ್ತಾರೆ. ಯಾವುದರ ಪಾಲು ಎಷ್ಟು? ಹುಡುಕಾಟ ಇನ್ನೂ ನಡೆದಿದೆ.

ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ. ಅದು ಸಣ್ಣದು, ಕೆಂಪು. ಅದರ ಮೈಬಿಸಿ ಸೂರ್ಯನ ಅರ್ಧದಷ್ಟು. ಆದರೆ ಅದರ ಜ್ವಾಲೆಗಳು ಬಲು ಜೋರು. ಅದರ ಹೊರಗಾಳಿಯೂ ಲಕ್ಷಾಂತರ ಡಿಗ್ರಿ. ಒಲೆ ಚಿಕ್ಕದು, ಉರಿ ದೊಡ್ಡದು!

2023ರ ಸೆಪ್ಟೆಂಬರ್ 2ರಂದು ನಮ್ಮ ದೇಶ ಆದಿತ್ಯ ಎಲ್-1 ನೌಕೆಯನ್ನು ಹಾರಿಸಿತು. ಅದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರ ಹೋಯಿತು. ಅದರಲ್ಲಿ ಕರೋನಾ ನೋಡುವ ಯಂತ್ರವಿದೆ. ಅದನ್ನು ಕಟ್ಟಿದ್ದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ.

ಅಕ್ಕಂದಿರೇ, ಬರಿಗಣ್ಣಿನಿಂದ ಸೂರ್ಯನನ್ನು ನೋಡಬೇಡಿ. ಕಣ್ಣು ಹೋದೀತು. ಗ್ರಹಣ ನೋಡುವ ಕನ್ನಡಕ ಹಾಕಿಕೊಂಡು ನೋಡಿ. ಆದರೆ ಹೆಣ್ಣುಮಕ್ಕಳನ್ನು ಒಳಗೆ ಕೂಡಿಹಾಕಬೇಡಿ.

ನಮ್ಮ ಅವ್ವ ಈಗ ಅಕ್ಷರ ಕಲಿತಿದ್ದಾಳೆ. ಅಂದು ಕಾಣದ್ದನ್ನು ಇಂದು ತಾನೇ ಓದಲಿ ಅಂತ ಇದನ್ನು ಬರೆದೆ. ನೀವೂ ಓದಿ. ಮಕ್ಕಳಿಗೂ ಓದಿ ಹೇಳಿ.