ಹಳೆಯ ವಿದ್ಯಾರ್ಥಿಗಳೂ ಮೃತ್ಯುಪತ್ರದಾನವೂ

(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)

 

ಉತ್ಸವದ ಮಂಗಲಸಮಯದಲ್ಲಿ ಮೃತ್ಯುಪತ್ರದ ಮಾತನ್ನೆತ್ತುವುದು ಕೆಲವರಿಗೆ ಅಪ್ರಿಯವೆನಿಸಬಹುದು. ಆದರೆ ಇಲ್ಲಿ ನೆರೆದಿರುವ ನಮ್ಮಲ್ಲಿ ಬಹುಮಂದಿಯ ತಲೆ ನರೆತಿರುವುದರಿಂದ ಆ ಮಾತನ್ನು ಮುಂದಕ್ಕೆ ಹಾಕುವಷ್ಟು ವೇಳೆ ನಮಗಿಲ್ಲ.

ಈ ನಾಡಿನಲ್ಲಿ ವಿದ್ಯೆಯು ಸುಲಭವಾಗಿ ದೊರೆತುದಲ್ಲ. 1948ರ ವರೆಗೆ ಈ ಪ್ರಾಂತವು ನಿಜಾಮರ ಆಳಿಕೆಯಲ್ಲಿದ್ದಿತು. ಕೊಪ್ಪಳ, ಯಲಬುರ್ಗಾಗಳು ಸಾಲಾರಜಂಗರ ಜಹಗೀರು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆ ಉರ್ದು. ಕನ್ನಡದ ಹುಡುಗನು ಮೊದಲು ಪರಭಾಷೆಯ ಹೊಸ್ತಿಲನ್ನು ದಾಟಿ, ಬಳಿಕ ವಿದ್ಯೆಯ ಮನೆಯನ್ನು ಹೊಗಬೇಕಾಗಿದ್ದಿತು. 1963ರಲ್ಲಿ ಪೂಜ್ಯ ಶ್ರೀ ಮರಿಶಾಂತವೀರ ಮಹಾಸ್ವಾಮಿಗಳವರು ಕೊಪ್ಪಳದಲ್ಲಿ ಶ್ರೀ ಗವಿಸಿದ್ಧೇಶ್ವರ ಮಹಾವಿದ್ಯಾಲಯವನ್ನು ಆರಂಭಿಸಿದಾಗ ನಮ್ಮ ಹಳ್ಳಿಗಳಿಗೆ ಪದವಿಯ ವಿದ್ಯೆ ಸಮೀಪಕ್ಕೆ ಬಂದಿತು. ಎರಡು ಜೊತೆ ಬಟ್ಟೆ, ಒಂದು ಹಾಸಿಗೆಯ ಸುರುಳಿ, ಬುತ್ತಿಯ ಗಂಟು, ಇಷ್ಟರೊಡನೆ ಬಂದವರು ನಾವು. ಬುತ್ತಿ ಮುಗಿದ ಮೇಲೆ ಶ್ರೀಮಠದ ಪ್ರಸಾದವೇ ನಮಗೆ ಆಧಾರವಾಯಿತು. ಆ ಜೋಳವನ್ನು ಯಾವ ಊರಿನ ಯಾವ ಭಕ್ತನು ಬಂಡಿಯಲ್ಲಿ ತಂದು ಸುರುವಿದನೆಂಬುದನ್ನು ನಾವು ಅಂದು ಕೇಳಲಿಲ್ಲ. ಅವನೂ ನಮ್ಮ ಹೆಸರನ್ನು ಕೇಳಲಿಲ್ಲ.

ಹೆಸರು ಕೇಳದೆ ಕೊಟ್ಟವರಲ್ಲಿ ಅಗ್ರಗಣ್ಯರು ಶಿರಸಂಗಿಯ ಲಿಂಗರಾಜ ದೇಸಾಯಿಯವರು. 1861ರಲ್ಲಿ ಹುಟ್ಟಿದ ಆ ಮಹನೀಯರು 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನದ ಅಧ್ಯಕ್ಷರಾಗಿದ್ದರು. 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಮೃತ್ಯುಪತ್ರದಲ್ಲಿ ಬರೆದಿಟ್ಟರು. ಆ ನಿಧಿಯ ವಿದ್ಯಾರ್ಥಿವೇತನದಿಂದ ಓದಿದವರು ತಲೆಮಾರುಗಳುದ್ದಕ್ಕೂ ಉಂಟು. 1916ರಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1933ರಲ್ಲಿ ಬೆಳಗಾವಿಯಲ್ಲಿ ತೆರೆದ ಮಹಾವಿದ್ಯಾಲಯಕ್ಕೆ ಲಿಂಗರಾಜರ ಹೆಸರನ್ನೇ ಇಟ್ಟಿತು. ತಾವು ಕಣ್ಣಿನಿಂದ ಕಾಣದ ಮಕ್ಕಳಿಗಾಗಿ ಅವರು ಬರೆದ ಕಾಗದವು ನೂರು ವರ್ಷಗಳನ್ನು ದಾಟಿಯೂ ಕೆಲಸಮಾಡುತ್ತಿರುವುದು.

ನಮಗೆ ಸಂಸ್ಥಾನಗಳಿಲ್ಲ, ಮಕ್ಕಳು ಮೊಮ್ಮಕ್ಕಳುಳ್ಳ ಸಂಸಾರಿಗಳು ನಾವು. ಆದಕಾರಣ ಸರ್ವಸ್ವವನ್ನು ಬರೆಯಿರೆಂದು ನಾನು ಹೇಳುವುದಿಲ್ಲ. ಮನೆಯ ಮಕ್ಕಳನ್ನು ಬರಿಗೈ ಮಾಡಿ ಮಠಕ್ಕೆ ತಂದ ದಾನವು ಮಠಕ್ಕೂ ಶೋಭಿಸದು. ಗಂಗಾವತಿಯ ಕಾಲುವೆಯ ಗದ್ದೆಯುಳ್ಳವನು ಒಂದು ಪಾಲು, ಕುಷ್ಟಗಿ-ಯಲಬುರ್ಗಾಗಳ ಮಳೆಯಾಸರೆಯ ಹೊಲದವನು ತನ್ನ ಶಕ್ತಿಯಷ್ಟು, ಪಿಂಚಣಿದಾರನು ಬ್ಯಾಂಕಿನ ಠೇವಣಿಯಲ್ಲಿ ಒಂದಂಶ, ಇಷ್ಟೇ ನನ್ನ ಬೇಡಿಕೆ. ಅದನ್ನು ಮೂಲನಿಧಿಯಾಗಿ ಇರಿಸಿ ಬಡ್ಡಿಯಿಂದ ವಿದ್ಯಾರ್ಥಿಗಳನ್ನು ಸಲಹಬೇಕೆಂದು ಪತ್ರದಲ್ಲಿಯೇ ಸ್ಪಷ್ಟಪಡಿಸುವುದು ಒಳ್ಳೆಯದು.

ಬಾಯಿಮಾತು ಸಾಲದು. ನಿವೃತ್ತ ಶಿಕ್ಷಕರೊಬ್ಬರು ತಮ್ಮ ಮನೆಯನ್ನು ವಿದ್ಯಾರ್ಥಿನಿಲಯಕ್ಕೆ ಕೊಡುವೆನೆಂದು ವರ್ಷವರ್ಷವೂ ಜಾತ್ರೆಯಲ್ಲಿ ಹೇಳುತ್ತಿದ್ದುದನ್ನು ನಾನು ಬಲ್ಲೆ. ಅವರು ಬರೆಯಲಿಲ್ಲ. ಅವರ ತರುವಾಯ ವಾರಸುದಾರರು ಮನೆಯನ್ನು ಹಂಚಿಕೊಂಡರು. ಅವರದು ತಪ್ಪೆನ್ನಲಾರೆ, ಅವರ ಕೈಯಲ್ಲಿ ಕಾಗದವೇ ಇರಲಿಲ್ಲ.

ಕಾಯಿದೆಯ ಮಾತು ಕಠಿಣವಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಮೃತ್ಯುಪತ್ರಕ್ಕೆ ಬರೆದವನ ಸಹಿಯೂ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿಯೂ ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದಿನ ವ್ಯಾಜ್ಯ ಕಡಿಮೆ. ಬದುಕಿರುವವರೆಗೆ ಅದನ್ನು ತಿದ್ದಬಹುದು, ರದ್ದುಪಡಿಸಬಹುದು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ವಿಭಾಗವಾಗದ ತನ್ನ ಪಾಲನ್ನು ಒಬ್ಬನೇ ದಾನಪತ್ರದಿಂದ ಕೊಡಲು ಬಾರದು. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು, ಲಿಂಗಾಯತರಿಗೂ ಅನ್ವಯಿಸುವಂಥದು, ಆ ಪಾಲನ್ನು ಮೃತ್ಯುಪತ್ರದಿಂದ ಬರೆಯಲು ಅವಕಾಶಕೊಟ್ಟಿದೆ. 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಉಂಟಾದುದರಿಂದ ‘ನನ್ನದು’ ಎಂಬುದೆಷ್ಟೆಂದು ಮೊದಲು ಎಣಿಸಿಕೊಳ್ಳಬೇಕು. ಹೊಲವನ್ನು ಸಂಸ್ಥೆಗೆ ಬರೆಯುವವರು ಭೂಕಾಯಿದೆಯ ನಿಯಮಗಳನ್ನು ವಕೀಲರಿಂದ ಕೇಳಿ ತಿಳಿಯತಕ್ಕದ್ದು.

ಸಂಸ್ಥೆಯವರಿಗೂ ಒಂದು ಮಾತು. ವೃದ್ಧರ ಮಂಚದ ಬಳಿ ಕಾಗದ ಹಿಡಿದು ಹೋಗಬಾರದು. ಬಂದ ನಿಧಿಯ ಲೆಕ್ಕವನ್ನು ವರ್ಷಕ್ಕೊಮ್ಮೆ ಭಕ್ತರ ಮುಂದೆ ಓದಬೇಕು. ಲೆಕ್ಕ ಮುಚ್ಚಿದ ಕಡೆ ದಾನಿಗಳ ಕೈ ತಾನಾಗಿ ಮುಚ್ಚುವುದು.

ಇನ್ನೊಂದು ಆಕ್ಷೇಪವುಂಟು, ಅದು ಬಲವಾದುದು. ಶರಣರ ದಾಸೋಹವು ಸಂಗ್ರಹವನ್ನು ಒಪ್ಪದು. ದುಡಿದುದನ್ನು ಅಂದಂದೇ ಜಂಗಮಕ್ಕೆ ಸವೆಸುವುದೇ ಕಾಯಕದ ಹಾದಿ. ಸತ್ತ ಮೇಲೆ ಕೊಡುವವನು ತನಗೆ ಬೇಡವಾದುದನ್ನು ಕೊಟ್ಟನಲ್ಲದೆ ಏನು ಕೊಟ್ಟಂತಾಯಿತು? ಇದಕ್ಕೆ ನನ್ನಲ್ಲಿ ಪೂರ್ಣವಾದ ಉತ್ತರವಿರಲಿಲ್ಲ. ಕಳೆದ ವರ್ಷ ನನ್ನ ಮೃತ್ಯುಪತ್ರದ ಕರಡನ್ನು ಮಕ್ಕಳನ್ನು ಕೂಡಿಸಿ ಓದಿದೆನು. ಮಗನು ಸುಮ್ಮನಿದ್ದನು. ಮಗಳು, “ಅಪ್ಪಾರ, ನೀವು ಉಂಡದ್ದು ಹುಡುಗರಾಗಿದ್ದಾಗ. ಈಗ ಹಸಿದ ಹುಡುಗರು ನೀವು ಹೋಗೂತನಕ ಕಾಯಬೇಕೇನ್ರಿ?” ಎಂದಳು. ಆ ಮಾತಿನಿಂದ ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು.

ಕರಡನ್ನು ನಾನು ಹರಿಯಲಿಲ್ಲ. ಅದರಲ್ಲಿ ಬರೆದ ಪಾಲು ಹಾಗೆಯೇ ಉಳಿದಿದೆ. ನನ್ನ ಸಹಪಾಠಿಗಳಿಬ್ಬರು ಸಾಕ್ಷಿ ಹಾಕಿರುವರು. ಆದರೆ ಆ ಪಾಲಿನ ಹೊಲದ ಜೋಳವು ಈ ಸುಗ್ಗಿಯಿಂದಲೇ ಪ್ರಸಾದನಿಲಯಕ್ಕೆ ಬರತೊಡಗಿದೆ. ಮೊದಲ ವರ್ಷ ಹನ್ನೊಂದು ಚೀಲ. ಬಂಡಿಯ ಬದಲು ಟ್ರ್ಯಾಕ್ಟರಿನಲ್ಲಿ ಬಂದಿತು. ಮಗನೇ ನಡೆಸಿಕೊಂಡು ಬಂದನು.