ಅಡುಗೆಮನೆಯ ಎಚ್ಚರವೂ ಆರೈಕೆಯೇ

(ರೋಗಿಗಳು ಹಾಗೂ ಅವರ ಸಂಬಂಧಿಕರಿಗಾಗಿ ಏರ್ಪಡಿಸಿದ ಆರೋಗ್ಯ ತಿಳಿವಳಿಕೆ ಸಭೆಯಲ್ಲಿ ಮಾಡಿದ ಭಾಷಣ)



ಇಲ್ಲಿ ಕುಳಿತವರಲ್ಲಿ ಕೆಲವರು ರೋಗಿಗಳು, ಹೆಚ್ಚಿನವರು ರೋಗಿಯ ಜೊತೆಗೆ ಬಂದವರು. ಔಷಧಿಯನ್ನು ಯಾವಾಗ, ಹೇಗೆ ತೆಗೆದುಕೊಳ್ಳಬೇಕೆಂದು ವೈದ್ಯರು ನಿಮಗೆ ಹೇಳಿದ್ದಾರೆ. ನಾನು ಇಂದು ಹೇಳುವುದು ನೀವು ಊರಿನಿಂದ ತರುವ ಬುತ್ತಿಯ ಬಗ್ಗೆ, ಹಾಗೆಯೇ ಮನೆಗೆ ಮರಳಿದ ಮೇಲೆ ಅಡುಗೆಮನೆಯಲ್ಲಿ ವಹಿಸಬೇಕಾದ ಎಚ್ಚರದ ಬಗ್ಗೆ.

ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಮಗನ ಶಸ್ತ್ರಚಿಕಿತ್ಸೆಗೆಂದು ವಾರ್ಡಿನಲ್ಲಿ ಉಳಿದಿದ್ದರು. ಸೊಸೆ ಬೆಳಗಿನ ಬಸ್ಸಿಗೆ ಅನ್ನ, ಸಾರು ಕಟ್ಟಿ ಕಳಿಸುತ್ತಿದ್ದಳು. ಮಗ ಎರಡು ತುತ್ತು ಉಂಡು ಸಾಕೆನ್ನುತ್ತಿದ್ದ. ಅನ್ನ ಚೆಲ್ಲಲು ಮನಸ್ಸಾಗದೆ ಆ ತಾಯಿ ಡಬ್ಬಿಯನ್ನು ಮಂಚದ ಕೆಳಗೆ ಇಟ್ಟು, ರಾತ್ರಿ ತಾವೇ ಉಂಡರು. ನಡುರಾತ್ರಿ ವಾಂತಿ ಆರಂಭವಾಯಿತು. ಬೆಳಗಾಗುವಷ್ಟರಲ್ಲಿ ಅವರಿಗೂ ಸಲೈನ್ ಹಚ್ಚಬೇಕಾಯಿತು. ಮಗನ ಹತ್ತಿರ ಕೂಡ್ರುವವರೇ ಇಲ್ಲದಂತಾಯಿತು. "ಅನ್ನ ವಾಸನಿ ಬಂದಿರಲಿಲ್ಲರಿ, ಚಲೋನ ಇತ್ತು" ಎಂದು ಆಕೆ ಹೇಳಿದರು. ಆ ಮಾತು ಸುಳ್ಳಲ್ಲ. ಅಪಾಯವಿರುವುದೂ ಅಲ್ಲಿಯೇ. ಆಹಾರ ಕೆಟ್ಟ ವಾಸನೆ ಬರುವ ಮೊದಲೇ ರೋಗ ತರಬಲ್ಲದು.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಇರುತ್ತವೆ. ಅನ್ನ ಕುದಿದರೂ ಅವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಉಳಿದಾಗ ಮೊಳೆತು ಬೆಳೆದು ವಿಷವನ್ನು ಬಿಡುತ್ತವೆ. ಈ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಂಡ 1ರಿಂದ 6 ಗಂಟೆಯೊಳಗೆ ವಾಂತಿ ಬರಬಹುದು. ಆದ್ದರಿಂದ "ಬಿಸಿ ಮಾಡಿದರೆ ಎಲ್ಲ ಸರಿಹೋಗುತ್ತದೆ" ಎಂಬ ನಂಬಿಕೆಯನ್ನು ಮೊದಲು ಬಿಡಬೇಕು.

ಬುತ್ತಿಯ ವಿಷಯದಲ್ಲಿ ಈ ಮಾತುಗಳನ್ನು ನೆನಪಿಡಿ:

1. ಬೇಯಿಸಿದ ಆಹಾರವನ್ನು 2 ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬೇಡಿ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಹೊಗೆಯಾಡುವಷ್ಟು ಬಿಸಿಯಾಗಿರಬೇಕು, ಇಲ್ಲವೆ ಫ್ರಿಜ್ಜಿನಲ್ಲಿ ತಣ್ಣಗಿರಬೇಕು. ಉಗುರುಬೆಚ್ಚಗಿನ ಡಬ್ಬಿಯೇ ಅಪಾಯದ ಡಬ್ಬಿ.

2. ದೂರದ ಊರಿನಿಂದ ಬರುವವರು ಅನ್ನ, ಸಾರು, ಹಸಿ ಕೊಬ್ಬರಿಯ ಚಟ್ನಿ ತರುವುದು ಬೇಡ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಯಂಥ ಒಣ ಪದಾರ್ಥಗಳು ಬೇಗ ಕೆಡುವುದಿಲ್ಲ. ಆದರೆ ರೋಗಿಗೆ ಕೊಡುವ ಮೊದಲು ವೈದ್ಯರನ್ನೋ ಸಿಸ್ಟರನ್ನೋ ಕೇಳಿ. ಉಪ್ಪು, ಖಾರ, ಎಣ್ಣೆ ಎಲ್ಲರಿಗೂ ಸಲ್ಲುವುದಿಲ್ಲ.

3. ರೋಗಿಯ ಮಲಮೂತ್ರ ತೆಗೆದ ಕೈಯನ್ನು ಸಾಬೂನಿನಿಂದ ಚೆನ್ನಾಗಿ ತೊಳೆಯದೆ ಬುತ್ತಿ ಬಿಚ್ಚಬೇಡಿ. ಬರೀ ನೀರಿನಲ್ಲಿ ಕೈ ಅದ್ದಿದರೆ ಸಾಲದು.

4. ಹೆಚ್ಚಿಟ್ಟು ಮಾರುವ ಹಣ್ಣನ್ನು ಕೊಳ್ಳಬೇಡಿ. ಇಡಿ ಹಣ್ಣನ್ನು ತಂದು, ತೊಳೆದು, ತಿನ್ನುವ ಹೊತ್ತಿಗೆ ಹೆಚ್ಚಿ.

ಇನ್ನು ಮನೆಯ ಅಡುಗೆ. ಉಳಿದ ಅಡುಗೆಯನ್ನು ದೊಡ್ಡ ಪಾತ್ರೆಯಲ್ಲಿ ಹಾಗೇ ಬಿಡದೆ, ಅಗಲವಾದ ಸಣ್ಣ ಪಾತ್ರೆಗಳಿಗೆ ಹಾಕಿ ಬೇಗ ಆರಿಸಿ ಫ್ರಿಜ್ಜಿನಲ್ಲಿಡಿ. ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ಜು ಸುಮಾರು 4 ಗಂಟೆ ತಂಪಾಗಿರುತ್ತದೆ. ಫ್ರಿಜ್ಜಿಲ್ಲದ ಮನೆಯವರು ಆ ಹೊತ್ತಿಗೆ ಬೇಕಾದಷ್ಟೇ ಮಾಡಿಕೊಳ್ಳುವುದು ಉತ್ತಮ. ಫ್ರಿಜ್ಜಿನಿಂದ ತೆಗೆದ ಸಾರು, ಬೇಳೆಯನ್ನು ಕೊತಕೊತ ಕುದಿಸಿಯೇ ಬಡಿಸಿ. ಒಮ್ಮೆ ಕುದಿಸಿದ್ದನ್ನು ಮತ್ತೆ ಎತ್ತಿಡಬೇಡಿ. ಕುಡಿಯುವ ನೀರು ಉಕ್ಕಿ ಕುದಿಯಲು ಆರಂಭಿಸಿದ ಮೇಲೆ ಕನಿಷ್ಠ 1 ನಿಮಿಷ ಕುದಿಯಲಿ. ಮುಚ್ಚಿಟ್ಟು, ಉದ್ದ ಹಿಡಿಕೆಯ ಸೌಟಿನಿಂದ ತೆಗೆದುಕೊಳ್ಳಿ. ಲೋಟ ಹಿಡಿದ ಕೈ ನೀರಿಗೆ ತಾಗಬಾರದು. ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿಯ ಸಾರು, ಮಜ್ಜಿಗೆ ಇಡಬೇಡಿ. ಹುಳಿ ಲೋಹವನ್ನು ಕರಗಿಸುತ್ತದೆ, ಹೊಟ್ಟೆ ತೊಳಸುತ್ತದೆ. ಹಸಿರು ಬಣ್ಣಕ್ಕೆ ತಿರುಗಿದ ಅಥವಾ ಮೊಳಕೆ ಬಂದ ಆಲೂಗಡ್ಡೆಯಲ್ಲಿ ಸೊಲಾನಿನ್ ಎಂಬ ವಿಷವಿರುತ್ತದೆ. ಅಂಥದ್ದನ್ನು ರೋಗಿಯ ಅಡುಗೆಗೆ ಬಳಸಬೇಡಿ.

ಕಾಳುಕಡಿಗಳ ವಿಷಯ ನಮ್ಮ ಭಾಗಕ್ಕೆ ಬಹಳ ಮುಖ್ಯ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಲವು ಹಳ್ಳಿಗಳಲ್ಲಿ ಮಳೆಗೆ ತೊಯ್ದು ಬೂಷ್ಟು ಹಿಡಿದ ಜೋಳ, ಗೋವಿನಜೋಳ ಉಂಡ ಜನರಿಗೆ ಹೊಟ್ಟೆನೋವು, ಭೇದಿ ಬಂದವು. ಬೂಷ್ಟಿನಿಂದ ಹುಟ್ಟುವ ಫ್ಯುಮೊನಿಸಿನ್ ಎಂಬ ವಿಷ ಇದಕ್ಕೆ ಕಾರಣವೆಂದು ತಜ್ಞರು ಗುರುತಿಸಿದರು. ಅದಕ್ಕೂ ಮೊದಲು 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳದಿಂದ ಯಕೃತ್ತು ಕೆಟ್ಟು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅದು ಅಫ್ಲಾಟಾಕ್ಸಿನ್ ಎಂಬ ವಿಷ. ಶೇಂಗಾದಲ್ಲಿಯೂ ಇದು ಬರುತ್ತದೆ. ತೊಳೆದರೆ, ಹುರಿದರೆ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಸುಕ್ಕುಗಟ್ಟಿದ, ಬಣ್ಣಗೆಟ್ಟ ಶೇಂಗಾವನ್ನು ಆರಿಸಿ ತೆಗೆಯಿರಿ. ತಿನ್ನುವಾಗ ಕಹಿ ಬಂದರೆ ಉಗುಳಿ. ಕಾಳನ್ನು ಚೆನ್ನಾಗಿ ಒಣಗಿಸಿ, ಚೀಲವನ್ನು ನೆಲಕ್ಕಾಗಲಿ ಗೋಡೆಗಾಗಲಿ ತಾಗದಂತೆ ಹಲಗೆಯ ಮೇಲೆ ಇಡಿ.

ಅಂಗಡಿಯಿಂದ ತಂದದ್ದನ್ನು ಮನೆಯಲ್ಲಿಯೇ ಸ್ವಲ್ಪ ಪರೀಕ್ಷಿಸಬಹುದು. ಗಾಜಿನ ಲೋಟದ ನೀರಿನ ಮೇಲೆ ಖಾರಪುಡಿ ಉದುರಿಸಿ. ಬಣ್ಣ ಗೆರೆಗೆರೆಯಾಗಿ ಇಳಿದರೆ ಕೃತಕ ಬಣ್ಣ ಬೆರೆತಿರಬಹುದು. ತಳದಲ್ಲಿ ಕುಳಿತದ್ದನ್ನು ತಿಕ್ಕಿದಾಗ ಮರಳಿನಂತೆ ಒರಟಾಗಿದ್ದರೆ ಇಟ್ಟಿಗೆ ಪುಡಿಯ ಸಂಶಯ. ಕುದಿಸಿ ಆರಿಸಿದ ಸ್ವಲ್ಪ ಹಾಲಿಗೆ ಎರಡು ಮೂರು ಹನಿ ಟಿಂಚರ್ ಅಯೋಡಿನ್ ಹಾಕಿ. ನೀಲಿಯಾದರೆ ಹಿಟ್ಟು ಬೆರೆತಿದೆ. ಪರೀಕ್ಷೆ ಮಾಡಿದ ಹಾಲನ್ನು ಚೆಲ್ಲಿಬಿಡಿ. ಸಾಸಿವೆ ಕಾಳು ನುಣುಪು, ಒಡೆದರೆ ಒಳಗೆ ಹಳದಿ. ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ಮುಳ್ಳುಗಿಡ ಅರ್ಜಿಮೋನ್. ಅದರ ಬೀಜ ಒರಟು, ಒಳಗೆ ಬಿಳಿ. 1998ರಲ್ಲಿ ದಿಲ್ಲಿಯಲ್ಲಿ ಈ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆಯಿಂದ ಅನೇಕರು ಮೈ ಬಾತು ಪ್ರಾಣ ಕಳೆದುಕೊಂಡರು. ಪೊಟ್ಟಣದ ಪದಾರ್ಥವಾದರೆ ಮೇಲಿನ ತಾರೀಖನ್ನು ಓದಿ. ಓದಲು ಬಾರದವರು ಮನೆಯ ಮಕ್ಕಳಿಂದ ಓದಿಸಿಕೊಳ್ಳಿ.

ಇಷ್ಟಾದರೂ ವಾಂತಿ, ಭೇದಿ ಬಂದರೆ ಗಾಬರಿ ಬೇಡ. ಓಆರ್‌ಎಸ್ ಪುಡಿ ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ ಸ್ವಲ್ಪ ಸ್ವಲ್ಪವೇ ಕುಡಿಸಿ. ಮಲದಲ್ಲಿ ರಕ್ತ ಕಂಡರೆ, ಕುಡಿದದ್ದು ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ತಡಮಾಡದೆ ವೈದ್ಯರ ಹತ್ತಿರ ಬನ್ನಿ. ಸಕ್ಕರೆ ಕಾಯಿಲೆ, ಮೂತ್ರಪಿಂಡ ಇಲ್ಲವೆ ಹೃದಯದ ತೊಂದರೆ ಇದ್ದವರು, ಹಸುಗೂಸುಗಳು ಮೊದಲೇ ಬರಬೇಕು. ವಾರ್ಡಿನಲ್ಲಿದ್ದಾಗ ಹೀಗಾದರೆ ಮುಚ್ಚಿಡದೆ ಸಿಸ್ಟರಿಗೆ ಹೇಳಿ. ಏನು ಉಂಡಿರಿ ಎಂಬುದನ್ನೂ ಹೇಳಿ. ಯಾರೂ ನಿಮ್ಮನ್ನು ಬಯ್ಯುವುದಿಲ್ಲ.

ಕೊನೆಯದಾಗಿ ಆ ತಾಯಿಯ ಮಾತಿಗೇ ಬರುತ್ತೇನೆ. "ಅನ್ನ ಚೆಲ್ಲಿದರ ಪಾಪ ಬರ್ತೈತ್ರಿ" ಎಂದು ಅವರು ಕಣ್ಣೀರು ತೆಗೆದರು. ಅನ್ನವನ್ನು ಪ್ರಸಾದವೆಂದು ಕಾಣುವ ನಮಗೆ ಆ ಸಂಕಟ ಅರ್ಥವಾಗುತ್ತದೆ. ಆದರೆ ಅನ್ನಕ್ಕೆ ಗೌರವ ಕೊಡಬೇಕಾದದ್ದು ಅಕ್ಕಿ ಅಳೆಯುವಾಗ. ದಾಸೋಹದ ಪಂಕ್ತಿಯಲ್ಲಿ ಬೇಕಾದಷ್ಟೇ ನೀಡಿಸಿಕೊಳ್ಳಿ ಎನ್ನುವುದು ಇದಕ್ಕಾಗಿಯೇ. ಎರಡು ತುತ್ತು ಉಣ್ಣುವ ರೋಗಿಗೆ ಒಂದು ಹಿಡಿ ಅಕ್ಕಿ ಸಾಕು. ಅಳತೆ ಮೀರಿ ಮಾಡಿ, ಕೆಟ್ಟದ್ದನ್ನು ಉಂಡು, ಆರೈಕೆ ಮಾಡುವವರೇ ಹಾಸಿಗೆ ಹಿಡಿದರೆ ಅನ್ನವೂ ಉಳಿಯಲಿಲ್ಲ, ಆರೋಗ್ಯವೂ ಉಳಿಯಲಿಲ್ಲ.

ನಿಮ್ಮ ರೋಗಿ ಬೇಗ ಗುಣವಾಗಲಿ. ನೀವೂ ಗಟ್ಟಿಯಾಗಿರಿ.