ಬೀರುವಿನಿಂದ ಎದ್ದು ಬಂದ ಜೂಮ್

(ಹವ್ಯಾಸಿ ಛಾಯಾಗ್ರಾಹಕರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)

ನಾನು ವರದಿಗಾರ, ಛಾಯಾಗ್ರಹಣದಲ್ಲಿ ಪಂಡಿತನಲ್ಲ. ಆದರೂ ಯಕ್ಷಗಾನದ ವರದಿಗೆ ಹೋದಾಗ, ಹಿಂದಿನ ಸಾಲಿನಲ್ಲಿ ಕುಳಿತೇ ವೇಷಧಾರಿಯ ಕಣ್ಣನ್ನು ಚಿತ್ರದಲ್ಲಿ ಹಿಡಿಯಬೇಕೆಂಬ ಆಸೆ ನನಗೂ ಇದೆ. ಅದಕ್ಕೆ ಟೆಲಿಫೋಟೊ ಜೂಮ್ ಬೇಕು. ಒಳ್ಳೆಯ ಹೊಸದರ ಬೆಲೆ ನನ್ನ ಹಲವು ತಿಂಗಳ ಸಂಬಳ. ಕೊನೆಗೆ ಕೊಂಡದ್ದು ನನಗಿಂತ ವಯಸ್ಸಾದ ಲೆನ್ಸ್: ಕ್ಯಾನನ್ ಎಫ್‌ಡಿ 80-200 ಮಿ.ಮೀ., ಎಫ್/4.

ಇಷ್ಟು ಗಟ್ಟಿಯಾದ ವಸ್ತು ಇಷ್ಟು ಅಗ್ಗಕ್ಕೆ ಸಿಕ್ಕಿದ್ದಾದರೂ ಹೇಗೆ?

ಲೆನ್ಸನ್ನು ಕ್ಯಾಮೆರಾಕ್ಕೆ ಕಚ್ಚಿಸುವ ಬಾಯಿಗೆ ಮೌಂಟ್ ಎನ್ನುತ್ತಾರೆ. ಎಫ್‌ಡಿ ಮೌಂಟ್ ಬಂದದ್ದು 1971ರಲ್ಲಿ. 1987ರಲ್ಲಿ ತಾನಾಗಿಯೇ ಫೋಕಸ್ ಮಾಡುವ ಇಒಎಸ್ ಕ್ಯಾಮೆರಾ ತಂದಾಗ ಕ್ಯಾನನ್ ಆ ಮೌಂಟನ್ನೇ ಕೈಬಿಟ್ಟಿತು. ಹಳೆಯ ಮೌಂಟಿನಿಂದ ಫಿಲ್ಮಿಗೆ 42 ಮಿ.ಮೀ. ದೂರವಿತ್ತು, ಹೊಸದರಲ್ಲಿ 44 ಆಯಿತು. ಬರೀ ಎರಡು ಮಿಲಿಮೀಟರ್! ಆದರೆ ಹಳೆಯ ಲೆನ್ಸನ್ನು ಅಷ್ಟು ಮುಂದೆ ಕೂರಿಸಿದರೆ ಹತ್ತಿರದ್ದು ಮಾತ್ರ ಸ್ಪಷ್ಟ, ದೂರದ ಗುಡ್ಡ ಎಂದಿಗೂ ಮಸುಕೇ. ನಡುವೆ ಗಾಜಿನ ಅಡಾಪ್ಟರ್ ಇಟ್ಟು ಸರಿಪಡಿಸಬಹುದಿತ್ತು, ಚಿತ್ರದ ಗುಣ ಕುಗ್ಗುತ್ತಿತ್ತು. ಏನೂ ತಪ್ಪು ಮಾಡದ ಲೆನ್ಸ್‌ಗಳು ಬೀರು ಸೇರಿದವು. ನಿಕಾನ್‌ನವರು 1959ರ ತಮ್ಮ ಎಫ್ ಮೌಂಟನ್ನು ಬಿಡದ ಕಾರಣ ಅವರ ಹಳೆಯ ಲೆನ್ಸ್‌ಗಳು ಇಷ್ಟೊಂದು ಅನಾಥವಾಗಲಿಲ್ಲ.

ಕ್ಯಾಮೆರಾದೊಳಗಿನ ಕನ್ನಡಿ ಹೋದ ಮೇಲೆ ಇವುಗಳ ದಿನ ತಿರುಗಿತು. ಕನ್ನಡಿ ಇಲ್ಲದಿದ್ದರೆ ಅದು ಏಳಲು ಜಾಗವೂ ಬೇಡ. 2010ರಲ್ಲಿ ಬಂದ ಸೋನಿಯ ಇ ಮೌಂಟಿನಲ್ಲಿ ಆ ದೂರ ಕೇವಲ 18 ಮಿ.ಮೀ. ಉಳಿಯುವ 24 ಮಿ.ಮೀ.ಗೆ ಗಾಜಿಲ್ಲದ ಖಾಲಿ ಲೋಹದ ಕೊಳವೆ ಸಾಕು. ಫೋಕಸ್ ಕೈಯಲ್ಲೇ ಮಾಡಬೇಕು, ನಿಜ. ಆದರೆ ಸ್ಪಷ್ಟವಾದ ಅಂಚುಗಳನ್ನು ಬಣ್ಣದಲ್ಲಿ ತೋರಿಸುವ ಸೌಲಭ್ಯ ಇಂಥ ಹಲವು ಕ್ಯಾಮೆರಾಗಳಲ್ಲಿದೆ.

ನನ್ನ ಲೆನ್ಸಿಗೆ ಒಂದೇ ರಿಂಗ್. ತಿರುಗಿಸಿದರೆ ಫೋಕಸ್, ಹಿಂದೆ ಮುಂದೆ ಎಳೆದರೆ ಜೂಮ್. ಕುಣಿಯುವವರ ಬೆನ್ನುಹತ್ತಲು ಇದಕ್ಕಿಂತ ಸರಾಗ ಬೇರೆ ಕಾಣೆ. 80ರಿಂದ 200ರವರೆಗೂ ಎಫ್/4 ಕದಲುವುದಿಲ್ಲ. ಇಂದಿನ ಅಗ್ಗದ ಜೂಮ್‌ಗಳಲ್ಲಿ ದೂರಕ್ಕೆ ಹೋದಂತೆ ಬೆಳಕು ಕಡಿಮೆಯಾಗುತ್ತದೆ. ದೋಷವೂ ಇದೆ. ಕಿರೀಟದ ಮಿಂಚಿನ ಸುತ್ತ ನೇರಳೆ ಅಂಚು ಮೂಡುತ್ತದೆ. ಅಪರ್ಚರನ್ನು 8ಕ್ಕೆ ಇಳಿಸಿದರೆ ತಗ್ಗೀತು, ಆದರೆ ರಾತ್ರಿಯ ರಂಗಸ್ಥಳದಲ್ಲಿ ಅಷ್ಟು ಬೆಳಕು ಎಲ್ಲಿಂದ ತರೋಣ? ಕೈನಡುಕ ತಡೆಯುವ ವ್ಯವಸ್ಥೆಯೂ ಲೆನ್ಸಿನಲ್ಲಿಲ್ಲ. ಸೆಕೆಂಡಿನ 250ನೇ ಒಂದು ಭಾಗಕ್ಕಿಂತ ನಿಧಾನವಾದರೆ ನಾನು ಕಂಬಕ್ಕೆ ಒರಗುತ್ತೇನೆ.

ಒಂದು ವಿಷಯ ಮುಚ್ಚಿಡಬಾರದು. ನಾನು ಮೊದಲು ಕೊಂಡ ಜೂಮ್ ಇದಲ್ಲ. ಅದರೊಳಗೆ ಜೇಡರ ಬಲೆಯಂತಹದೇನೋ ಕಂಡಿತ್ತು. ಮಾರಿದವರು "ಧೂಳು, ಒರೆಸಿದರೆ ಹೋಗುತ್ತೆ" ಅಂದರು, ನಾನೂ ನಂಬಿದೆ. ಅದು ಬೂಷ್ಟು. ಬಿಚ್ಚಿ ನೋಡಿದ ಮೆಕ್ಯಾನಿಕ್, ಗಾಜಿನ ಮೇಲಿನ ಲೇಪನವನ್ನೇ ತಿಂದಿದೆ ಎಂದು ವಾಪಸು ಕೊಟ್ಟರು. ಒಂದು ತಿಂಗಳ ಮನೆಬಾಡಿಗೆಯಷ್ಟು ಹಣ ಹೋಯಿತು. ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲ ಕಳೆದು ಬಂದ ಲೆನ್ಸಾದರೆ ಇನ್ನಷ್ಟು ಎಚ್ಚರ ಬೇಕು. ಹಿಂದಿನಿಂದ ಟಾರ್ಚ್ ಹಿಡಿದು, ಮುಂದಿನಿಂದ ಓರೆಯಾಗಿ ನೋಡಿ. ಮನೆಗೆ ತಂದ ಮೇಲೆ ಚರ್ಮದ ಚೀಲದಲ್ಲಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಎರಡೂ ಲೆನ್ಸ್‌ಗಳನ್ನು ತಂದಿದ್ದೇನೆ, ಟಾರ್ಚ್ ಕೂಡ ಇದೆ. ಕೆಟ್ಟದ್ದನ್ನು ಮೊದಲು ನೋಡಿ.